ಗೋವಾ ಗಡಿ ದಾಟಿದರೆ ಕಾರಿನ ಇನ್ಶೂರೆನ್ಸ್ ನಡೆಯುವುದಿಲ್ಲವೇ?

ಶನಿವಾರ ಬೆಳಗಿನ ಜಾವ ಬೆಳಗಾವಿಯಿಂದ ಗೋವಾ ಕಡೆ ಹೊರಡುವ ಕಾರುಗಳಿಗೆ ಲೆಕ್ಕವಿಲ್ಲ. ಕೆಲವರು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುತ್ತಾರೆ. ಇನ್ನು ಕೆಲವರು ಖಾನಾಪುರ, ಲೋಂಡಾ, ರಾಮನಗರದ ಮೇಲೆ ಹಾಯ್ದು ಅನಮೋಡ ಘಾಟ್ ಹಿಡಿಯುತ್ತಾರೆ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಯಾರಾದರೂ ಒಬ್ಬರು ಈ ಮಾತು ತೆಗೆದೇ ತೆಗೆಯುತ್ತಾರೆ: "ಗೋವಾದಾಗ ನಮ್ಮ ಇನ್ಶೂರೆನ್ಸ್ ನಡ್ಯಂಗಿಲ್ಲಪಾ. ಅಲ್ಲಿ ಏನರ ಆತಂದ್ರ ಕೈಯಾಗಿನ ರೊಕ್ಕಾ ಕೊಟ್ಟ ಪಾರಾಗಬೇಕು."

ಇದು ಬರೀ ಹರಟೆಯಾಗಿದ್ದರೆ ನಾವು ಬರೆಯುವ ಅಗತ್ಯವಿರಲಿಲ್ಲ. ಆದರೆ ಈ ಮಾತನ್ನು ನಂಬಿದವರು ಅಪಘಾತವಾದಾಗ ಪೊಲೀಸರಿಗೂ ಹೇಳದೆ, ವಿಮಾ ಕಂಪನಿಗೂ ತಿಳಿಸದೆ, ರಸ್ತೆ ಬದಿಯಲ್ಲೇ ರೊಕ್ಕ ಎಣಿಸಿ ಊರಿಗೆ ಮರಳುತ್ತಾರೆ. ತಮಗೆ ನ್ಯಾಯವಾಗಿ ಸಿಗಬೇಕಾದ ಹಣವನ್ನು ಬಿಟ್ಟುಕೊಡುತ್ತಾರೆ. ಗಾಯಗೊಂಡವರಿಗೆ ಸಿಗಬೇಕಾದ ಪರಿಹಾರವೂ ತಪ್ಪುತ್ತದೆ. ಹಾಗಾಗಿ ಈ ನಂಬಿಕೆಯಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಒಂದೊಂದಾಗಿ ನೋಡೋಣ.

ಮೊದಲಿಗೆ ಚುಟುಕು ಉತ್ತರ

ರಾಜ್ಯದ ಗಡಿ ದಾಟಿದರೆ ನಿಮ್ಮ ಕಾರಿನ ವಿಮೆ ಒಂದಿಷ್ಟೂ ಬದಲಾಗುವುದಿಲ್ಲ. ಬೆಳಗಾವಿಯಲ್ಲಿ ಮಾಡಿಸಿದ ಪಾಲಿಸಿ ಪಣಜಿಯಲ್ಲಿ, ಕೊಲ್ಹಾಪುರದಲ್ಲಿ, ಗುವಾಹಟಿಯಲ್ಲಿ ಒಂದೇ ರೀತಿ ನಡೆಯುತ್ತದೆ. ದೇಶದ ಗಡಿ ದಾಟಿದರೆ ಮಾತ್ರ ಅದು ತಾನಾಗಿ ನಡೆಯುವುದಿಲ್ಲ. ಅದಕ್ಕೆ ಮೊದಲೇ ಕೇಳಿ, ಬೇರೆ ಹಣ ಕಟ್ಟಿ, ಪಾಲಿಸಿಯ ವ್ಯಾಪ್ತಿಯನ್ನು ಹಿಗ್ಗಿಸಿಕೊಳ್ಳಬೇಕು.

ಇದನ್ನು ನೀವೇ ಖಚಿತ ಮಾಡಿಕೊಳ್ಳಬಹುದು. ನಿಮ್ಮ ಪಾಲಿಸಿಯ ಮೊದಲ ಒಂದೆರಡು ಪುಟಗಳಲ್ಲಿ 'ಜಿಯೋಗ್ರಾಫಿಕಲ್ ಏರಿಯಾ' ಎಂಬ ಸಾಲನ್ನು ಹುಡುಕಿ. ಅದರ ಮುಂದೆ 'ಇಂಡಿಯಾ' ಎಂದಿರುತ್ತದೆ. ಅಲ್ಲಿ ಕರ್ನಾಟಕದ ಹೆಸರೂ ಇರುವುದಿಲ್ಲ, ಬೆಳಗಾವಿ ಜಿಲ್ಲೆಯ ಹೆಸರೂ ಇರುವುದಿಲ್ಲ.

ಪಾಲಿಸಿಯ ಬೆನ್ನಿಗೆ ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ಅದರ 13ನೇ ಕಲಂ ಪ್ರಕಾರ ಡ್ರೈವಿಂಗ್ ಲೈಸೆನ್ಸ್ ದೇಶದುದ್ದಕ್ಕೂ ನಡೆಯುತ್ತದೆ. 46ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯ ಆರ್‌ಸಿ ದೇಶದ ಎಲ್ಲ ಕಡೆ ನಡೆಯುತ್ತದೆ. 146ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಓಡುವ ಪ್ರತಿಯೊಂದು ಗಾಡಿಗೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಅದು ಯಾವ ಊರಿನ ಶಾಖೆಯಿಂದ ಬಂದಿರಬೇಕು ಎಂಬ ಷರತ್ತಿಲ್ಲ. ಕೆಎ-22 ನಂಬರಿನ ಕಾರನ್ನು ಗೋವಾ ಪೊಲೀಸರು ತಡೆದು ವಿಮೆ ಕೇಳಿದರೆ, ಬೆಳಗಾವಿಯ ಪಾಲಿಸಿ ತೋರಿಸಿದರೆ ಸಾಕು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ.

ಹಾಗಾದರೆ ಈ ಭಯ ಬಂದದ್ದು ಎಲ್ಲಿಂದ?

ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ ಎನ್ನುತ್ತಾರೆ. ಈ ನಂಬಿಕೆಯ ಹಿಂದೆ ನಮಗೆ ನಾಲ್ಕು ಸಂಗತಿಗಳು ಕಾಣುತ್ತವೆ.

ಒಂದನೆಯದು ಇತಿಹಾಸ. ಇವತ್ತು ನಾವು ರಾಜ್ಯದ ಗಡಿ ಎಂದು ಕರೆಯುವ ಈ ಗೆರೆ, ಒಂದು ಕಾಲದಲ್ಲಿ ನಿಜವಾಗಿಯೂ ಎರಡು ದೇಶಗಳ ನಡುವಿನ ಗಡಿಯಾಗಿತ್ತು. 1961ರ ಡಿಸೆಂಬರ್ 19ರವರೆಗೂ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಲೋಂಡಾದಿಂದ ಮುಂದೆ ಹೋಗುವ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಂತು, ಅಲ್ಲಿ ಸುಂಕದ ತಪಾಸಣೆ ಮುಗಿದ ಮೇಲೆ ಗೋವಾದೊಳಗೆ ಇಳಿಯುತ್ತಿತ್ತು. 1955ರಲ್ಲಿ ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿದಾಗ ಆ ಓಡಾಟವೂ ನಿಂತುಹೋಯಿತು. 1961ರಲ್ಲಿ ಗೋವಾ ವಿಮೋಚನೆಗೆ ಹೊರಟ ಭಾರತೀಯ ಸೇನೆ ನೆಲೆ ಮಾಡಿಕೊಂಡದ್ದು ಇದೇ ಬೆಳಗಾವಿಯಲ್ಲಿ.

ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದದ್ದು 1939ರ ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ, 1946ರ ಜುಲೈ 1ರಿಂದ. ಅಂದರೆ 1950ರ ದಶಕದಲ್ಲಿ ಬೆಳಗಾವಿಯ ಕಾರಿಗೆ ಭಾರತದ ಕಾನೂನಿನ ವಿಮೆ ಇರುತ್ತಿತ್ತು, ಆದರೆ ಘಟ್ಟದ ಆಚೆ ಭಾರತದ ಕಾನೂನೇ ಇರಲಿಲ್ಲ. ಖಾನಾಪುರ ಸೀಮೆಯ ಹಿರಿಯರು "ಗಡಿ ದಾಟಿದರೆ ನಮ್ಮ ಕಾಗದ ನಡೆಯುವುದಿಲ್ಲ" ಎಂದಿದ್ದರೆ, ಅವರ ಕಾಲಕ್ಕೆ ಆ ಮಾತು ನಿಜವೇ ಆಗಿತ್ತು. ಗಡಿ ಬದಲಾಗಿ ಅರವತ್ತು ವರ್ಷ ದಾಟಿದರೂ ಮಾತು ಮಾತ್ರ ಉಳಿದುಕೊಂಡಿದೆ.

ಎರಡನೆಯದು ಪರ್ಮಿಟ್. ಹಳದಿ ಬೋರ್ಡಿನ ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ಪರ್ಮಿಟ್ ಬೇಕು. ಒಂದು ರಾಜ್ಯಕ್ಕೆ ಮಾತ್ರ ಪರ್ಮಿಟ್ ಇರುವ ಗಾಡಿ ಇನ್ನೊಂದು ರಾಜ್ಯಕ್ಕೆ ಬಾಡಿಗೆಗೆ ಹೋಗುವಂತಿಲ್ಲ. ಪರ್ಮಿಟ್ ಇಲ್ಲದೆ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಟ್ಯಾಕ್ಸಿ ಚಾಲಕರ ಈ ಕಷ್ಟದ ಮಾತು ಬಾಯಿಂದ ಬಾಯಿಗೆ ಹರಡುತ್ತಾ, ಮನೆಯ ಬಿಳಿ ಬೋರ್ಡಿನ ಕಾರಿಗೂ ಅಂಟಿಕೊಂಡಿದೆ. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಪರ್ಮಿಟ್ ಎಂಬುದೇ ಇಲ್ಲ.

ಮೂರನೆಯದು 'ಝೋನ್' ಎಂಬ ಪದ. ಪಾಲಿಸಿಯಲ್ಲಿ 'ಝೋನ್ ಎ' ಅಥವಾ 'ಝೋನ್ ಬಿ' ಎಂದು ಬರೆದಿರುತ್ತದೆ. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತಾ, ಮುಂಬೈ, ನವದೆಹಲಿ, ಪುಣೆ ಈ ಎಂಟು ನಗರಗಳು 'ಎ'. ದೇಶದ ಉಳಿದ ಎಲ್ಲ ಊರುಗಳೂ 'ಬಿ'. ಬೆಳಗಾವಿಯೂ 'ಬಿ'ಯಲ್ಲೇ ಬರುತ್ತದೆ. ಇದನ್ನು ಓದಿದವರು "ನಮ್ಮ ಪಾಲಿಸಿ ಬಿ ಝೋನ್‌ಗೆ ಮಾತ್ರ, ಪುಣೆಗೆ ಹೋದರೆ ನಡೆಯುವುದಿಲ್ಲ" ಎಂದುಕೊಳ್ಳುವುದುಂಟು. ಝೋನ್ ಇರುವುದು ಪ್ರೀಮಿಯಂ ಲೆಕ್ಕ ಹಾಕಲು ಮಾತ್ರ. ಗಾಡಿ ನೋಂದಾಯಿಸಿದ ಊರನ್ನು ನೋಡಿ ದರ ನಿಗದಿ ಮಾಡುತ್ತಾರೆ. ಗಾಡಿ ಓಡಾಡುವ ಊರಿಗೆ ಅದು ಬೇಲಿ ಹಾಕುವುದಿಲ್ಲ.

ನಾಲ್ಕನೆಯದು ಹನ್ನೆರಡು ತಿಂಗಳ ನಿಯಮ. ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ, ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಇದು ವಾಸಕ್ಕೆ ಹೋದವರಿಗೆ ಸಂಬಂಧಿಸಿದ್ದು. ಎರಡು ದಿನ ಸಮುದ್ರ ನೋಡಲು ಹೋದವರಿಗಲ್ಲ.

ಘಾಟಿನಲ್ಲಿ ಅಪಘಾತವಾದರೆ ಏನು ಮಾಡಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖಾನಾಪುರದ ಒಂದು ಕುಟುಂಬ ಚೋರ್ಲಾ ಘಾಟ್ ಇಳಿಯುತ್ತಿದೆ. ಮಳೆಗಾಲ, ದಟ್ಟ ಮಂಜು. ತಿರುವಿನಲ್ಲಿ ಎದುರಿಗೆ ಬಂದ ಬೈಕಿಗೆ ಕಾರು ತಾಗಿ, ಸವಾರನ ಕಾಲು ಮುರಿಯುತ್ತದೆ. ಈ ಘಾಟು ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳು ಕೂಡುವ ಆಸುಪಾಸಿನಲ್ಲಿದೆ. ತಾವು ನಿಂತಿರುವುದು ಯಾವ ರಾಜ್ಯದಲ್ಲಿ ಎಂಬುದೂ ಆ ಗಾಬರಿಯಲ್ಲಿ ತಿಳಿಯುವುದಿಲ್ಲ.

ಮೊದಲ ಕೆಲಸ, ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು. 112 ಸಂಖ್ಯೆ ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ. ಅನಮೋಡದಂಥ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೂ ಕರೆ ಮಾಡಬಹುದು. ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಅದರಡಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಇದಕ್ಕೆ ಗಾಡಿ ಯಾವ ರಾಜ್ಯದ್ದು, ಗಾಯಾಳು ಯಾವ ರಾಜ್ಯದವರು ಎಂಬ ಭೇದವಿಲ್ಲ.

ಎರಡನೆಯ ಕೆಲಸ, ಪೊಲೀಸರಿಗೆ ತಿಳಿಸುವುದು. ಕಾಯ್ದೆಯ 134ನೇ ಕಲಂ ಪ್ರಕಾರ ಆದಷ್ಟು ಬೇಗ, ಹೇಗಿದ್ದರೂ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೇಳಬೇಕು. "ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ, ಆಚೆ ಠಾಣೆಗೆ ಹೋಗಿ" ಎಂಬ ಉತ್ತರ ಗಡಿ ಭಾಗದವರಿಗೆ ಹೊಸದೇನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದಕ್ಕೆ ಪರಿಹಾರ ಕೊಟ್ಟಿದೆ. ಘಟನೆ ಯಾವ ಠಾಣೆಯ ಹದ್ದಿನಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನು 'ಝೀರೋ ಎಫ್‌ಐಆರ್' ಎನ್ನುತ್ತಾರೆ. ಆಮೇಲೆ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಪೊಲೀಸರ ಕೆಲಸ.

ಮೂರನೆಯ ಕೆಲಸ, ವಿಮಾ ಕಂಪನಿಗೆ ಕರೆ ಮಾಡುವುದು. ಪಾಲಿಸಿಯ ಮೇಲಿರುವ ಟೋಲ್‌ಫ್ರೀ ಸಂಖ್ಯೆಗೆ ಅಲ್ಲಿಂದಲೇ ಮಾಡಿ. ಬೆಳಗಾವಿಗೆ ಬಂದು ಶಾಖೆಗೆ ಹೋಗಿ ಹೇಳಿದರಾಯಿತು ಎಂದು ಮೂರು ದಿನ ಕಾಯಬೇಡಿ. ಕಾರನ್ನು ಗೋವಾದ ಗ್ಯಾರೇಜಿನಲ್ಲೇ ರಿಪೇರಿ ಮಾಡಿಸಬಹುದು. ಕಂಪನಿಯ ಜೊತೆ ಒಪ್ಪಂದವಿರುವ ಗ್ಯಾರೇಜಾದರೆ ಕ್ಯಾಶ್‌ಲೆಸ್ ಕೂಡ ಸಿಗುತ್ತದೆ. ಸರ್ವೇಯರ್ ಬಂದು ನೋಡುವ ಮೊದಲು ರಿಪೇರಿ ಶುರು ಮಾಡಿಸಬಾರದು ಎಂಬುದಷ್ಟೇ ನೆನಪಿರಲಿ.

ನಾಲ್ಕನೆಯದು ಮಾಡಬಾರದ ಕೆಲಸ. ರಸ್ತೆ ಬದಿಯಲ್ಲಿ ನಿಂತು "ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ" ಎಂದು ರಾಜಿ ಮಾಡಿಕೊಳ್ಳಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣದ ಭರವಸೆ ಕೊಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇದೆ. ಗಾಯಾಳುವಿನ ಕಡೆಯಿಂದ ನೋಡಿದರೂ ಇದು ನ್ಯಾಯವಲ್ಲ. ಆ ಕ್ಷಣಕ್ಕೆ ಸಿಕ್ಕ ಹತ್ತು ಸಾವಿರ ರೂಪಾಯಿ, ಮುರಿದ ಕಾಲಿನ ಶಸ್ತ್ರಚಿಕಿತ್ಸೆಗೆ, ತಿಂಗಳುಗಟ್ಟಲೆ ಕೂಲಿ ತಪ್ಪಿದ್ದಕ್ಕೆ ಯಾವ ಮೂಲೆಗೂ ಸಾಲುವುದಿಲ್ಲ. ಥರ್ಡ್ ಪಾರ್ಟಿ ವಿಮೆ ಹುಟ್ಟಿದ್ದೇ ಅಂಥವರಿಗಾಗಿ.

ಕೇಸಿಗಾಗಿ ಗೋವಾಕ್ಕೆ ಅಲೆಯಬೇಕೇ?

ಬೇಡ. ಇದು ತುಂಬ ಜನರಿಗೆ ಗೊತ್ತಿಲ್ಲದ ಸಂಗತಿ. ಗೋವಾದಲ್ಲಿ ನಿಮ್ಮ ಮನೆಯವರಿಗೆ ಯಾವುದೋ ಗಾಡಿ ಗುದ್ದಿ ಗಾಯವಾಯಿತು ಅಥವಾ ಜೀವವೇ ಹೋಯಿತು ಎಂದುಕೊಳ್ಳಿ. ಪರಿಹಾರದ ಅರ್ಜಿಯನ್ನು ಎಲ್ಲಿ ಹಾಕಬೇಕು ಎಂಬ ಆಯ್ಕೆಯನ್ನು ಕಾಯ್ದೆಯ 166ನೇ ಕಲಂ ಅರ್ಜಿದಾರರಿಗೇ ಬಿಟ್ಟಿದೆ. ಅಪಘಾತ ನಡೆದ ಜಾಗದ ನ್ಯಾಯಮಂಡಳಿಯಲ್ಲಿ ಹಾಕಬಹುದು, ಎದುರು ಪಕ್ಷದವರು ಇರುವ ಊರಿನಲ್ಲಿ ಹಾಕಬಹುದು ಅಥವಾ ನೀವು ವಾಸವಿರುವ ಇಲ್ಲವೇ ವ್ಯವಹಾರ ಮಾಡುವ ಊರಿನಲ್ಲೇ ಹಾಕಬಹುದು. ಅಪಘಾತ ಮಡಗಾಂವ್‌ನಲ್ಲಿ ಆಗಿದ್ದರೂ ಅರ್ಜಿಯನ್ನು ಬೆಳಗಾವಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಲು ಅಡ್ಡಿಯಿಲ್ಲ.

ಒಂದು ಎಚ್ಚರ ಬೇಕು. 2019ರ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವು ಸೇರಿದೆ. ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾಗಾಗಿ "ಗಾಯ ಮಾಯಲಿ, ಆಮೇಲೆ ನೋಡೋಣ" ಎಂದು ತಡ ಮಾಡಬೇಡಿ.

ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೂ ದಾರಿ ಇದೆ. ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವನ್ನು ಕಾನೂನು ಗೊತ್ತುಮಾಡಿದೆ. ಇದಕ್ಕೂ ಪೊಲೀಸ್ ದೂರು ಬೇಕು. ಆದ್ದರಿಂದಲೇ ಠಾಣೆಗೆ ಹೋಗುವುದನ್ನು ತಪ್ಪಿಸಬೇಡಿ ಎನ್ನುತ್ತಿದ್ದೇವೆ.

ಹಾಗಾದರೆ ವಿಮೆ ಯಾವಾಗ ಕೈಕೊಡುತ್ತದೆ?

ಗಡಿ ದಾಟಿದ್ದಕ್ಕೆ ಅಲ್ಲ. ಆದರೆ ಗಡಿ ದಾಟುವಾಗ ನಾವು ಮಾಡುವ ಕೆಲವು ತಪ್ಪುಗಳಿಂದ.

ಮೊದಲನೆಯ ತಪ್ಪು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಡುವುದು. "ಪರಿಚಯದವರ ಕಾರಿದೆ, ದಿನಕ್ಕೆ ಇಷ್ಟು ಕೊಟ್ಟರಾಯಿತು" ಎಂದು ಗೋವಾ ಟ್ರಿಪ್‌ಗೆ ಕಾರು ಒಯ್ಯುವುದು ನಮ್ಮ ಕಡೆ ಸಾಮಾನ್ಯ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಬಾಡಿಗೆಗೆ ಓಡುತ್ತಿತ್ತು ಎಂಬುದು ಸಾಬೀತಾದರೆ ಕಾರಿನ ರಿಪೇರಿ ಹಣ ಸಿಗುವುದಿಲ್ಲ. ಎದುರಿನವರಿಗೆ ಕೊಡಬೇಕಾದ ಪರಿಹಾರದ ಹೊಣೆಯೂ ಕಾರಿನ ಮಾಲೀಕರ ತಲೆಗೆ ಬರಬಹುದು. ಹಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು "ಮೊದಲು ಕಂಪನಿ ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ" ಎಂದು ಆದೇಶಿಸುತ್ತವೆ. ಎರಡು ಸಾವಿರ ರೂಪಾಯಿ ಬಾಡಿಗೆಯ ಆಸೆಗೆ ಹೊಲ, ಮನೆ ಮಾರುವ ಪರಿಸ್ಥಿತಿ ಬರಬಾರದು. ಗೋವಾದಲ್ಲಿ ಬಾಡಿಗೆ ಕಾರು ಪಡೆಯುವವರೂ ಇದನ್ನೇ ನೋಡಬೇಕು. ಸ್ವತಃ ಓಡಿಸಲು ಕೊಡುವ ಅಧಿಕೃತ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ನಂಬರ್ ಇರುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಬಿಳಿ ಬೋರ್ಡಿನ ಕಾರು ಒಯ್ದರೆ, ಕಷ್ಟ ಬಂದಾಗ ವಿಮೆ ನಿಮ್ಮ ಬೆನ್ನಿಗೆ ಇರುವುದಿಲ್ಲ.

ಎರಡನೆಯ ತಪ್ಪು, ಬರೀ ಥರ್ಡ್ ಪಾರ್ಟಿ ಇಟ್ಟುಕೊಂಡು ಮನೆ ಮಂದಿಯನ್ನೆಲ್ಲ ಕರೆದೊಯ್ಯುವುದು. ಥರ್ಡ್ ಪಾರ್ಟಿ ವಿಮೆ ದಾರಿಹೋಕರಿಗೆ, ಎದುರಿನ ಗಾಡಿಯವರಿಗೆ ಇರುವಂಥದ್ದು. ಖಾಸಗಿ ಕಾರಿನೊಳಗೆ ಕುಳಿತ ನಿಮ್ಮ ಅತ್ತೆ, ಮಾವ, ಗೆಳೆಯರಿಗೆ ಅದು ಅನ್ವಯಿಸುವುದಿಲ್ಲ. ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ ಇದ್ದರೆ ಮಾತ್ರ ಕಾರಿನೊಳಗಿನವರೂ ಅದರ ನೆರಳಿಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಹಳೆಯ ಕಾರು, ಥರ್ಡ್ ಪಾರ್ಟಿ ಸಾಕು ಎನ್ನುವವರು ಈ ಒಂದು ಸಂಗತಿಯನ್ನು ಎರಡು ಸಲ ಯೋಚಿಸಬೇಕು. ಹಾಗೆಯೇ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದೂ ನೋಡಿಕೊಳ್ಳಿ.

ಮೂರನೆಯ ತಪ್ಪು, ಕುಡಿದು ಓಡಿಸುವುದು. ಗೋವಾ ಎಂದರೆ ಸಡಿಲ ಎಂಬ ಭಾವನೆ ಹಲವರಲ್ಲಿದೆ. ಕಾನೂನು ಅಲ್ಲೂ ಅದೇ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ. ಕುಡಿದು ಓಡಿಸಿದ್ದು ಸಾಬೀತಾದರೆ ಸ್ವಂತ ಕಾರಿನ ನಷ್ಟಕ್ಕೆ ಕಂಪನಿ ಹಣ ಕೊಡುವುದಿಲ್ಲ.

ನಾಲ್ಕನೆಯದು ಲೈಸೆನ್ಸ್ ಇಲ್ಲದವರ ಕೈಗೆ ಸ್ಟಿಯರಿಂಗ್ ಕೊಡುವುದು ಮತ್ತು ಪಾಲಿಸಿಯ ದಿನಾಂಕ ಮರೆಯುವುದು. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದರ ಜೊತೆ ಕೊಟ್ಟ ಸ್ವಂತ ನಷ್ಟದ ವಿಮೆ ಒಂದೇ ವರ್ಷದ್ದಾಗಿರಬಹುದು. "ಮೂರು ವರ್ಷದ್ದು ಮಾಡಿಸಿದ್ದೇವೆ" ಎಂದು ನಿಶ್ಚಿಂತೆಯಿಂದ ಇದ್ದವರಿಗೆ ಎರಡನೆಯ ವರ್ಷ ಕಾರಿನ ರಿಪೇರಿಗೆ ಏನೂ ಸಿಗದೆ ಹೋಗುವುದುಂಟು. ಎರಡೂ ದಿನಾಂಕಗಳನ್ನು ನೋಡಿ. ವಿಮೆಯೇ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಐದನೆಯದು ಗೋವಾದ ಸೆಕೆಂಡ್ ಹ್ಯಾಂಡ್ ಕಾರು. ಬೆಳಗಾವಿ, ಖಾನಾಪುರದವರು ಜಿಎ ನಂಬರಿನ ಕಾರು ಕೊಂಡು ತರುವುದುಂಟು. ಮಾಲೀಕತ್ವ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸಬರಿಗೆ ವರ್ಗವಾಗುತ್ತದೆ ಎಂದು 157ನೇ ಕಲಂ ಹೇಳುತ್ತದೆ. ಆದರೆ ಸ್ವಂತ ನಷ್ಟದ ಭಾಗ ಹಾಗೆ ವರ್ಗವಾಗುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದರೆ, ಕಾರು ನಜ್ಜುಗುಜ್ಜಾದ ದಿನ ಕಂಪನಿ ನಿಮ್ಮನ್ನು ಗುರುತಿಸುವುದೇ ಇಲ್ಲ.

ಮಣ್ಣು ಕುಸಿತ, ಫೆರ್ರಿ ಮತ್ತು ಟೋಯಿಂಗ್

ಖಾನಾಪುರದ ಪಶ್ಚಿಮ ಭಾಗದ ಮಳೆ ಹೇಗಿರುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಮಲಪ್ರಭೆ ಹುಟ್ಟುವುದೇ ಕಣಕುಂಬಿಯಲ್ಲಿ. ಗುಡ್ಡ ಕುಸಿದು, ಬಂಡೆ ಉರುಳಿ ಕಾರಿಗೆ ಹಾನಿಯಾದರೆ ಪ್ಯಾಕೇಜ್ ಪಾಲಿಸಿಯಲ್ಲಿ ಪರಿಹಾರವಿದೆ. ಭೂಕುಸಿತ, ಬಂಡೆ ಕುಸಿತ, ಪ್ರವಾಹ, ಬಿರುಗಾಳಿ ಇವೆಲ್ಲ ಅದರ ಪಟ್ಟಿಯಲ್ಲಿವೆ. ಆದರೆ ನೀರು ತುಂಬಿದ ರಸ್ತೆಯಲ್ಲಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಅದಕ್ಕೆ 'ಎಂಜಿನ್ ಪ್ರೊಟೆಕ್ಟ್' ಎಂಬ ಪ್ರತ್ಯೇಕ ಆ್ಯಡ್‌-ಆನ್ ಇಲ್ಲದಿದ್ದರೆ ಹಣ ಸಿಗುವುದು ಕಷ್ಟ.

ಗೋವಾದಲ್ಲಿ ದಿವಾಡಿ, ಚೋಡಣ ದ್ವೀಪಗಳಿಗೆ ಕಾರನ್ನು ಫೆರ್ರಿಯಲ್ಲಿ ಹತ್ತಿಸುತ್ತಾರೆ. "ನೀರಿನ ಮೇಲೆ ಹೋದರೆ ವಿಮೆ ಇಲ್ಲ" ಎಂಬುದೂ ತಪ್ಪು ಕಲ್ಪನೆ. ರಸ್ತೆ, ರೈಲು, ಒಳನಾಡಿನ ಜಲಮಾರ್ಗ, ಲಿಫ್ಟ್, ವಿಮಾನ ಇವುಗಳಲ್ಲಿ ಸಾಗಿಸುವಾಗ ಆಗುವ ಹಾನಿ ಪಾಲಿಸಿಯೊಳಗೇ ಬರುತ್ತದೆ. ಹೊಳೆಯ ಫೆರ್ರಿ ಒಳನಾಡಿನ ಜಲಮಾರ್ಗವೇ.

ಟೋಯಿಂಗ್ ವಿಷಯದಲ್ಲಿ ಮಾತ್ರ ಹೆಚ್ಚು ನಿರೀಕ್ಷೆ ಬೇಡ. ಅಪಘಾತವಾದ ಖಾಸಗಿ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು ಸಾಮಾನ್ಯ ಪಾಲಿಸಿಯಲ್ಲಿ ಇರುವ ಮಿತಿ 1,500 ರೂಪಾಯಿ. ಘಾಟಿನ ನಡುವಿನಿಂದ ಬೆಳಗಾವಿಯವರೆಗೆ ಎಳೆದು ತರಲು ಅದು ಸಾಲದು. ಆಗಾಗ ಘಾಟು ಇಳಿಯುವವರು 'ರೋಡ್‌ಸೈಡ್ ಅಸಿಸ್ಟೆನ್ಸ್' ಸೇರಿಸಿಕೊಳ್ಳುವುದು ಒಳ್ಳೆಯದು. ಅದರಲ್ಲೂ ಎಷ್ಟು ಕಿಲೋಮೀಟರ್‌ವರೆಗೆ ಉಚಿತ ಎಂದು ಕೇಳಿಕೊಳ್ಳಿ. ಘಾಟಿನಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ಸಹಾಯವಾಣಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ, ಯಾರದಾದರೂ ಫೋನಿನಿಂದ ಮಾಡಬಹುದು.

ನಿಜವಾದ ದೇಶದ ಗಡಿ ದಾಟುವುದಾದರೆ?

ಈಗ ಬೆಳಗಾವಿಯಿಂದ ನೇಪಾಳ, ಭೂತಾನ್‌ಗಳಿಗೂ ಕಾರಿನಲ್ಲೇ ಹೊರಡುವವರಿದ್ದಾರೆ. ಇಲ್ಲಿ ಚಹಾದಂಗಡಿಯ ಮಾತು ನಿಜವಾಗುತ್ತದೆ. ನಿಮ್ಮ ಪಾಲಿಸಿ ಭಾರತದ ಗಡಿಯಲ್ಲೇ ನಿಲ್ಲುತ್ತದೆ.

ಆದರೆ ಅದನ್ನು ಹಿಗ್ಗಿಸಲು ಅವಕಾಶವಿದೆ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲೇ ಇದರ ವ್ಯವಸ್ಥೆ ಇತ್ತು. ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಈ ಆರು ದೇಶಗಳಿಗೆ ಪಾಲಿಸಿಯನ್ನು ವಿಸ್ತರಿಸಬಹುದು. ಆ ದರಪಟ್ಟಿಯ ಪ್ರಕಾರ ಪ್ಯಾಕೇಜ್ ಪಾಲಿಸಿಗೆ 500 ರೂಪಾಯಿ, ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಗೆ 100 ರೂಪಾಯಿ. ಅವಧಿ ಹೆಚ್ಚೆಂದರೆ ಹನ್ನೆರಡು ತಿಂಗಳು. ಈ ಷರತ್ತಿನ ಹೆಸರು 'ಐಎಂಟಿ-1'. ಏಜೆಂಟರ ಬಳಿ 'ಜಿಯೋಗ್ರಾಫಿಕಲ್ ಎಕ್ಸ್‌ಟೆನ್ಶನ್ ಬೇಕು' ಎಂದರೆ ಅರ್ಥವಾಗುತ್ತದೆ. ಈಗಿನ ಮೊತ್ತವನ್ನು ನಿಮ್ಮ ಕಂಪನಿಯನ್ನೇ ಕೇಳಿ. ಹೊರಡುವ ಮೊದಲೇ ಇದನ್ನು ಲಿಖಿತವಾಗಿ ಪಡೆಯಬೇಕು. ಗಡಿ ದಾಟಿ ಅಪಘಾತವಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಹಡಗಿನಲ್ಲಿ ಅಥವಾ ವಿಮಾನದಲ್ಲಿ ಕಾರನ್ನು ಆ ದೇಶಕ್ಕೆ ಸಾಗಿಸುವಾಗ ಆಗುವ ಹಾನಿಗೆ ಈ ವಿಸ್ತರಣೆ ಅನ್ವಯಿಸುವುದಿಲ್ಲ.

ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ನೇಪಾಳದ ಗಡಿಯಲ್ಲಿ ಭಾರತದ ಗಾಡಿಗಳು ದಿನದ ಲೆಕ್ಕದಲ್ಲಿ 'ಭನ್ಸಾರ್' ಎಂಬ ಶುಲ್ಕ ಕಟ್ಟಿ ಚೀಟಿ ಪಡೆಯುತ್ತವೆ. ಅದು ಕಸ್ಟಮ್ಸ್ ಚೀಟಿ, ಗಾಡಿ ಒಳಗೆ ಬಿಡಲು ಕೊಡುವ ಅನುಮತಿ. ಅದನ್ನೇ ವಿಮೆ ಎಂದುಕೊಳ್ಳಬೇಡಿ.

ಹೊರದೇಶದಲ್ಲಿರುವ ನಮ್ಮವರಿಗೆ ಈ ಪಾಠ ಬೇಗ ಗೊತ್ತಾಗುತ್ತದೆ. ದುಬೈನಿಂದ ಒಮಾನ್‌ಗೆ ಕಾರಿನಲ್ಲಿ ಹೊರಟರೆ, ಒಮಾನ್‌ಗೆ ಅನ್ವಯಿಸುವ ವಿಮೆಯ ಪುರಾವೆಯನ್ನು ಗಡಿಯಲ್ಲೇ ಕೇಳುತ್ತಾರೆ. ಅರಬ್ ದೇಶಗಳ ನಡುವೆ ಇದಕ್ಕಾಗಿ 'ಆರೆಂಜ್ ಕಾರ್ಡ್' ಎಂಬ ಪದ್ಧತಿ ಇದೆ. ಯುರೋಪಿನಲ್ಲಿ 1953ರಿಂದ 'ಗ್ರೀನ್ ಕಾರ್ಡ್' ಪದ್ಧತಿ ನಡೆಯುತ್ತಿದೆ. ಒಂದು ದೇಶದ ಗಾಡಿ ಇನ್ನೊಂದು ದೇಶದಲ್ಲಿ ಅಪಘಾತ ಮಾಡಿದರೆ, ಅಲ್ಲಿನ ವಿಮಾ ಸಂಸ್ಥೆಗಳ ಒಕ್ಕೂಟ ಗಾಯಾಳುವಿಗೆ ಪರಿಹಾರ ಕೊಟ್ಟು, ಆಮೇಲೆ ಗಾಡಿಯ ಸ್ವಂತ ದೇಶದಿಂದ ಹಣ ತರಿಸಿಕೊಳ್ಳುತ್ತದೆ. ಅಮೆರಿಕದ ಪಾಲಿಸಿ ಕೆನಡಾದಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಮೆಕ್ಸಿಕೋಗೆ ಹೋಗುವುದಾದರೆ ಅಲ್ಲಿನ ಕಂಪನಿಯ ಪಾಲಿಸಿಯನ್ನೇ ಕೊಳ್ಳಬೇಕು.

ನಮ್ಮ ಉಪಖಂಡದಲ್ಲಿ ಅಂಥ ಕಾರ್ಡ್ ಇನ್ನೂ ಬಂದಿಲ್ಲ. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳಗಳ ನಡುವೆ ಗಾಡಿಗಳ ಓಡಾಟಕ್ಕಾಗಿ 2015ರ ಜೂನ್ 15ರಂದು ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿದೆ. ಆದರೂ ಪ್ರವಾಸ ಹೊರಡುವವರು ತಮ್ಮ ಪಾಲಿಸಿಯ ವಿಸ್ತರಣೆಯನ್ನು ತಾವೇ ನೋಡಿಕೊಳ್ಳಬೇಕು.

ಹೊರಡುವ ಹಿಂದಿನ ರಾತ್ರಿ

ಐದು ನಿಮಿಷ ಬಿಡುವು ಮಾಡಿಕೊಂಡು ಪಾಲಿಸಿ ತೆರೆಯಿರಿ. ಹೆಸರು ನಿಮ್ಮದೇ ಇದೆಯೇ? ಥರ್ಡ್ ಪಾರ್ಟಿ, ಸ್ವಂತ ನಷ್ಟ ಎರಡರ ದಿನಾಂಕವೂ ಮುಗಿಯದೆ ಇವೆಯೇ? ಕಾರಿನಲ್ಲಿ ಕೂರುವವರಿಗೆ ರಕ್ಷಣೆ ಇದೆಯೇ? ಓಡಿಸುವ ಎಲ್ಲರ ಲೈಸೆನ್ಸ್ ಸರಿಯಿದೆಯೇ? ಸಹಾಯವಾಣಿ ಸಂಖ್ಯೆ ಚೀಟಿಯಲ್ಲಿದೆಯೇ? ಇಷ್ಟು ಸರಿಯಿದ್ದರೆ ಚೋರ್ಲಾ ಇಳಿಯಿರಿ, ಅನಮೋಡ ಇಳಿಯಿರಿ, ವಿಮೆ ನಿಮ್ಮ ಜೊತೆಗೇ ಬರುತ್ತದೆ.

ಇನ್ನು ಮುಂದೆ ಚಹಾ ಕುಡಿಯುವಾಗ ಯಾರಾದರೂ "ಗೋವಾದಾಗ ನಮ್ಮ ಇನ್ಶೂರೆನ್ಸ್ ನಡ್ಯಂಗಿಲ್ಲ" ಎಂದರೆ, ಅವರ ಪಾಲಿಸಿಯನ್ನೇ ತೆಗೆಸಿ 'ಇಂಡಿಯಾ' ಎಂಬ ಆ ಒಂದು ಪದವನ್ನು ತೋರಿಸಿ. ಆಮೇಲೆ ಕೇಳಬೇಕಾದ ಪ್ರಶ್ನೆಯನ್ನೂ ಕೇಳಿಬಿಡಿ: "ಈ ಕಾರು ನಿಮ್ಮದೋ, ಬಾಡಿಗೆಗೆ ತಂದದ್ದೋ?"